ಕೊಂಡ ಊರು, ಮಾಡಿದ ಊರು: ಒಬ್ಬ ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೇ,

ತಮ್ಮ ಮಾವನವರು ಡಾರ್ಜಿಲಿಂಗಿನಲ್ಲಿ ಕೊಂಡಿದ್ದ ಮೂರು ಚೂರಿಗಳನ್ನು ಕುರಿತ ಲೇಖನವನ್ನೂ ಅದರ ಚಿತ್ರಗಳನ್ನೂ ಗಮನವಿಟ್ಟು ನೋಡಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಭಾಷೆಯಲ್ಲಿ ಕೊರತೆಯಿಲ್ಲ, ಆದರೆ ಮೂರೂ ‘ಮುನ್ನೂರು ವರ್ಷ ಹಳೆಯ ಟಿಬೆಟಿನ ಯುದ್ಧಾಯುಧಗಳು’ ಎಂದು ಮೊದಲ ವಾಕ್ಯದಲ್ಲೇ ತೀರ್ಪಿತ್ತಿರುವ ತಾವು ಅದಕ್ಕೆ ಆಧಾರವಾಗಿ ಕೊಟ್ಟಿರುವುದು ಕೊಂಡ ಊರಿನ ಹೆಸರನ್ನು ಮಾತ್ರ. ನೇಪಾಳಿ, ಲೆಪ್ಚಾ, ಭೂಟಿಯಾ, ಟಿಬೆಟಿ ಜನರೆಲ್ಲ ಕೂಡುವ ಆ ಪೇಟೆಯ ಹೆಸರಿನಿಂದ ವಸ್ತು ಮಾರಾಟವಾದ ಜಾಗ ತಿಳಿಯುತ್ತದೆ, ತಯಾರಾದ ಜಾಗ ತಿಳಿಯುವುದಿಲ್ಲ.

ಮೊದಲನೆಯದು ಖುಕುರಿ. ಮುಂದಕ್ಕೆ ಬಾಗಿದ ಅಲಗು, ಹಿಡಿಯ ಬಳಿ ಬಾಯಿಯ ಕಡೆಗಿರುವ ಕಚ್ಚು, ಇವು ನೇಪಾಳದ ರೂಪ. ಆದರೆ ತಮ್ಮ ಚಿತ್ರದಲ್ಲಿ ಹಿತ್ತಾಳೆಯ ಸಿಂಹದ ತಲೆಯುಳ್ಳ ಹಿಡಿಯೂ ಅಲಗಿನ ಮೇಲೆ ‘ಇಂಡಿಯಾ’ ಎಂಬ ಮುದ್ರೆಯೂ ಸ್ಪಷ್ಟವಾಗಿ ಕಾಣುತ್ತವೆ. ಇಂಥವು 20ನೇ ಶತಮಾನದಲ್ಲಿ ಭಾರತದಲ್ಲಿ ಪ್ರವಾಸಿಗರಿಗಾಗಿಯೂ ರಫ್ತಿಗಾಗಿಯೂ ತಯಾರಾದವು. ರೂಪ ಒಂದು ದೇಶದ್ದು, ಕೆಲಸ ಇನ್ನೊಂದು ದೇಶದ್ದು ಎಂಬ ಈ ಸ್ವಾರಸ್ಯವನ್ನೇ ತಾವು ಮುದ್ರೆಯ ಸಮೇತ ಕೈಬಿಟ್ಟಿದ್ದೀರಿ. ಗೂರ್ಖಾ ಪಡೆಗಳಿಗೆ ಸರಬರಾಜಾದ ಎಷ್ಟೋ ಖುಕುರಿಗಳಲ್ಲಿ ತಯಾರಕರ ಗುರುತು ಮತ್ತು ಇಸವಿ ಇರುತ್ತವೆ. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಶಸ್ತ್ರಾಗಾರದಲ್ಲಿದ್ದು 2003ರಲ್ಲಿ ವಿದೇಶೀ ವ್ಯಾಪಾರಿಗಳಿಗೆ ಮಾರಾಟವಾದ ಹಳೆಯ ಸಂಗ್ರಹದ ಅನೇಕ ಅಲಗುಗಳಲ್ಲಿ ದೇವನಾಗರಿ ಅಕ್ಷರಗಳಿವೆ. ಆದ್ದರಿಂದ ಮೊದಲು ಓದಬೇಕಾದದ್ದು ಅಲಗಿನ ಮೈಯನ್ನು. ಒರೆಯ ಹಿಂಬದಿಯಲ್ಲಿ ಕರ್ದಾ ಎಂಬ ಪುಟ್ಟ ಚೂರಿಯೂ ಅಲಗನ್ನು ಮಸೆಯುವ ಚಕ್ಮಕ್ ಎಂಬ ಮೊಂಡು ಉಪಕರಣವೂ ಇವೆಯೇ ಎಂಬುದನ್ನೂ ತಾವು ಹೇಳಿಲ್ಲ.

‘ಒರೆಯಿಂದ ತೆಗೆದರೆ ರಕ್ತ ಕಾಣಲೇಬೇಕು’ ಎಂಬ ಸಾಲನ್ನು ದಯವಿಟ್ಟು ತೆಗೆದುಹಾಕಿ. ನೇಪಾಳದ ಹಳ್ಳಿಗಳಲ್ಲಿ ಸೌದೆ ಸೀಳುವುದೂ ಮಾಂಸ ಕೊಚ್ಚುವುದೂ ಇದೇ ಖುಕುರಿಯಿಂದ. ಕಚ್ಚು ರಕ್ತ ಹರಿದುಹೋಗಲೆಂದು ಇದೆ ಎಂಬುದು ಹಲವು ವಿವರಣೆಗಳಲ್ಲಿ ಒಂದು. ಅದು ಶಿವನ ತ್ರಿಶೂಲ, ಹಸುವಿನ ಗೊರಸು ಎನ್ನುವವರೂ ಇದ್ದಾರೆ.

ಎರಡನೆಯದರ ಒರೆಯಲ್ಲಿ ಚೂರಿಯ ಜೊತೆಗೆ ಊಟದ ಕಡ್ಡಿಗಳಿವೆ. ಅದು ಸೊಂಟಕ್ಕೆ ತೂಗುಹಾಕಿಕೊಳ್ಳುವ ಊಟದ ಚೂರಿ, ಯುದ್ಧಾಯುಧವಲ್ಲ. ಟಿಬೆಟಿನಂತೆಯೇ ಮಂಗೋಲಿಯಾದಲ್ಲೂ ಈ ರೂಢಿ ಇದ್ದುದರಿಂದ ಕಡ್ಡಿಗಳಷ್ಟರಿಂದಲೇ ಮೂಲ ನಿರ್ಧಾರವಾಗದು. ಒರೆಯ ಬೆಳ್ಳಿಯನ್ನು ಎರಡು ಪುಟ ಬಣ್ಣಿಸಿರುವ ತಾವು ಅಲಗಿಗೆ ಒಂದು ಸಾಲನ್ನೂ ಕೊಟ್ಟಿಲ್ಲ. ಒರೆ ಒಬ್ಬರ ಕೈಯದೂ ಅಲಗು ಮತ್ತೊಬ್ಬರ ಕೈಯದೂ ಆಗಿರಬಹುದು, ಮುರಿದ ಒರೆಗೆ ಬದಲಾಗಿ ಹೊಸದು ಬಂದಿರಬಹುದು. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಬರೆಯಬೇಕು.

ಮೂರನೆಯದು ಫುರ್ಬಾ. ಮೂರು ಮುಖದ ಆ ಅಲಗು ಪೂಜಾವಿಧಿಗಳಿಗೆ ಸೇರಿದ್ದು, ಕತ್ತರಿಸಲು ಮಾಡಿದ್ದಲ್ಲ. ಟಿಬೆಟಿನ ಬೌದ್ಧ ಆಚರಣೆಯ ವಸ್ತುವಾದ್ದರಿಂದ ಟಿಬೆಟಿನಲ್ಲೇ ತಯಾರಾಗಿರಬೇಕು ಎಂಬ ತಮ್ಮ ವಾದ ನಿಲ್ಲುವುದಿಲ್ಲ, ಏಕೆಂದರೆ ನೇಪಾಳ ಕಣಿವೆಯ ನೇವಾರ ಲೋಹಶಿಲ್ಪಿಗಳು ಶತಮಾನಗಳಿಂದ ಟಿಬೆಟಿನ ಮಠಗಳಿಗೆ ವಿಗ್ರಹಗಳನ್ನೂ ಪೂಜಾವಸ್ತುಗಳನ್ನೂ ಮಾಡಿಕೊಟ್ಟವರು. ರೂಪಗಳು ಎಷ್ಟು ದೂರ ಸಾಗುತ್ತವೆ ಎಂಬುದಕ್ಕೆ ನಮ್ಮ ಕಡೆಯದೇ ನಿದರ್ಶನವಿದೆ: ವಿಜಯನಗರ ಮತ್ತು ದಖ್ಖನಿನೊಡನೆ ಗುರುತಿಸುವ, ಎರಡೂ ಅಂಚು ಹರಿತವಾದ ಬಾಗಿದ ಚಿಲಾನಮ್ ಕಠಾರಿ ನೇಪಾಳದಲ್ಲೂ ಬಳಕೆಯಲ್ಲಿತ್ತು.

ಖುಕುರಿ ಒಂದನ್ನೇ ಇಟ್ಟುಕೊಂಡು ಲೇಖನವನ್ನು ಮತ್ತೆ ಬರೆಯಲು ಸಾಧ್ಯವೇ? ಉಳಿದೆರಡಕ್ಕೆ ತಮ್ಮಲ್ಲಿ ಸದ್ಯಕ್ಕೆ ಸಾಕಷ್ಟು ವಿವರಗಳಿಲ್ಲ. ಅಲಗಿನ ಬೆನ್ನು, ಮುದ್ರೆ, ಹಿಡಿಯ ತುದಿ, ಒರೆಯ ಹಿಂಬದಿ ಇವುಗಳ ಚಿತ್ರಗಳನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ತೂಕವನ್ನೂ ಬೆನ್ನಿನ ದಪ್ಪವನ್ನೂ ತಿಳಿಸಿ. ಚಿತ್ರ ಚೆನ್ನಾಗಿ ಬರಲೆಂದು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಮಾಸಿದ ಅಕ್ಷರಗಳು ಅದರೊಂದಿಗೇ ಅಳಿಸಿಹೋಗುತ್ತವೆ.

ಇಂತು,
ಸಂಪಾದಕ