ಲೈಸೆನ್ಸ್ ಹೋಯಿತು, ಫಲಕ ಉಳಿಯಿತು

ಟೆಕ್ಸಾಸಿನಲ್ಲಿ ವಕೀಲಿಕೆ ಮಾಡುವ ನನಗೆ ಇಲ್ಲಿನ ಕನ್ನಡಿಗರು ಬರೆಯುವ ಪತ್ರಗಳಲ್ಲಿ ಅರ್ಧಕ್ಕರ್ಧ ಪಿಸ್ತೂಲಿನದೇ. ಅವೇ ನಾಲ್ಕು ಪ್ರಶ್ನೆಗಳು, ಕೆಳಗಿನ ಸಹಿ ಮಾತ್ರ ಬೇರೆ. ಈ ಸಲ ಒಟ್ಟಿಗೇ ಉತ್ತರಿಸಿ ಕೈ ತೊಳೆದುಕೊಳ್ಳುತ್ತೇನೆ.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿದ್ದೇನೆ. 2021ರಿಂದ ಟೆಕ್ಸಾಸಿನಲ್ಲಿ ಪಿಸ್ತೂಲು ಹೊತ್ತು ತಿರುಗಲು ಲೈಸೆನ್ಸೇ ಬೇಡವಂತೆ. ನಾನೂ ಪಿಸ್ತೂಲು ಕೊಳ್ಳಬಹುದಲ್ಲವೆ?

ಇಲ್ಲ. ಲೈಸೆನ್ಸ್ ಬೇಡ ಎಂದದ್ದು ಟೆಕ್ಸಾಸ್. ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳಬಾರದು ಎನ್ನುವುದು ಫೆಡರಲ್ ಕಾನೂನು. ಬೇಟೆಯ ಲೈಸೆನ್ಸ್ ಮಾಡಿಸಿದರೆ ಸಾಕು ಎಂದು ವಾಟ್ಸ್‌ಆ್ಯಪ್ ಪಂಡಿತರು ಹಂಚುವ ಉಪಾಯದಲ್ಲಿ ಅರ್ಧ ಸತ್ಯವಿದೆ. ಅಂಥ ವಿನಾಯಿತಿ ಇರುವುದು ನಿಜ, ಆದರೆ ಇಲ್ಲಿ ಆ ಲೈಸೆನ್ಸಿನ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನವೀಕರಿಸಲು ಮರೆತರೆ ಸೆಪ್ಟೆಂಬರ್ 1ರ ಬೆಳಿಗ್ಗೆ ಕಪಾಟಿನಲ್ಲಿರುವ ಅದೇ ಪಿಸ್ತೂಲು ನಿಮ್ಮನ್ನು ಅಪರಾಧಿಯಾಗಿಸುತ್ತದೆ. ಗ್ರೀನ್ ಕಾರ್ಡಿನ ಆಸೆ ಇರುವವರು ಆ ಅಂಗಡಿಯ ಮೆಟ್ಟಿಲು ಹತ್ತದಿರುವುದೇ ಲೇಸು.

ಪ್ರಶ್ನೆ: ಅಮೆರಿಕದ ಸಂವಿಧಾನದ ಎರಡನೆಯ ತಿದ್ದುಪಡಿಯಲ್ಲೇ ಆಯುಧದ ಹಕ್ಕಿರುವಾಗ ಟೆಕ್ಸಾಸ್ 1995ರಿಂದ 2021ರವರೆಗೆ ಚೂರುಚೂರಾಗಿ ಕೊಟ್ಟಿದ್ದೇಕೆ? ರಾಜಿ ಮಾಡಿಕೊಂಡವರು ಹೇಡಿಗಳಲ್ಲವೆ? ಈಗ ಎಲ್ಲ ಸಿಕ್ಕಿದೆಯಲ್ಲ, ಹಳೆಯ ಲೈಸೆನ್ಸ್ ಏಕೆ?

ಶಾಸನಸಭೆಯಲ್ಲಿ ಸಾಕಷ್ಟು ಮತ ಇರಲಿಲ್ಲ, ಅದಕ್ಕೆ. ಟೆಕ್ಸಾಸ್ ಎಂದರೆ ಅಂದಿನಿಂದಲೂ ಸೊಂಟದಲ್ಲಿ ಪಿಸ್ತೂಲು ಎಂದುಕೊಂಡವರೇ ಹೀಗೆ ಕೇಳುವುದು. 1871ರಲ್ಲೇ ಇಲ್ಲಿ ಪಿಸ್ತೂಲು ಹೊತ್ತು ತಿರುಗುವುದನ್ನು ನಿಷೇಧಿಸಲಾಗಿತ್ತು. 1876ರ ರಾಜ್ಯ ಸಂವಿಧಾನ ಆಯುಧದ ಹಕ್ಕನ್ನು ಕೊಟ್ಟ ಕಲಮಿನಲ್ಲೇ, ಅಪರಾಧ ತಡೆಯುವ ಸಲುವಾಗಿ ಅದನ್ನು ಧರಿಸುವುದಕ್ಕೆ ಕಟ್ಟುಪಾಡು ಹಾಕುವ ಅಧಿಕಾರವನ್ನೂ ಶಾಸನಸಭೆಗೆ ಕೊಟ್ಟಿತು. 1991ರ ಅಕ್ಟೋಬರಿನಲ್ಲಿ ಕಿಲೀನ್ ಪಟ್ಟಣದ ಲೂಬಿಸ್ ಕೆಫೆಟೇರಿಯಾದಲ್ಲಿ ಒಬ್ಬ ಬಂದೂಕುಧಾರಿ 23 ಜನರನ್ನು ಕೊಂದ. ತಂದೆತಾಯಿ ಇಬ್ಬರನ್ನೂ ಅಲ್ಲೇ ಕಳೆದುಕೊಂಡ ಸುಝಾನಾ ಹಪ್ ಅವರ ರಿವಾಲ್ವರು, ಕಾನೂನಿಗೆ ಅಂಜಿದ್ದರಿಂದ, ಹೊರಗೆ ಕಾರಿನಲ್ಲಿತ್ತು. ಅಷ್ಟಾದರೂ 1993ರಲ್ಲಿ ಶಾಸನಸಭೆ ದಾಟಿದ್ದು ಜನಾಭಿಪ್ರಾಯ ಕೇಳುವ ಮಸೂದೆ ಮಾತ್ರ. ಅದಕ್ಕೂ ಗವರ್ನರ್ ಆನ್ ರಿಚರ್ಡ್ಸ್ ಅಂಕಿತ ಹಾಕದೆ ತಿರಸ್ಕರಿಸಿದರು. ಮರುವರ್ಷ ಅವರನ್ನು ಸೋಲಿಸಿದ ಜಾರ್ಜ್ ಡಬ್ಲ್ಯು. ಬುಷ್ 1995ರಲ್ಲಿ ಸಹಿ ಹಾಕಿದ ಕಾನೂನು ಕೊಟ್ಟದ್ದೆಷ್ಟು? ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡರೆ ಸರಿ. ವಯಸ್ಸು 21, ಬೆರಳಚ್ಚು, ಕನಿಷ್ಠ 10 ಗಂಟೆಯ ಪಾಠ, ಗುರಿಪರೀಕ್ಷೆ. ಒಳಗೊಳಗೇ ಅಳುಕುತ್ತಿದ್ದ ಸದಸ್ಯರ ಕೈ ಎತ್ತಿಸಲು ಇಷ್ಟೆಲ್ಲ ಬೇಕಾಯಿತು.

2007ರಲ್ಲಿ ಕಾರಿನೊಳಗೆ ಲೈಸೆನ್ಸ್ ಬೇಡವೆಂದಾಯಿತು. 2013ರಲ್ಲಿ ಆ 10 ಗಂಟೆಯ ಪಾಠ ನಾಲ್ಕಾರು ಗಂಟೆಗಿಳಿಯಿತು. 2016ರ ಜನವರಿ 1ರಿಂದ ಲೈಸೆನ್ಸುದಾರರು ಎಲ್ಲರಿಗೂ ಕಾಣುವಂತೆ ತೊಡಬಹುದಾಯಿತು. ಆ ಮಸೂದೆಯಲ್ಲಿ, ಪಿಸ್ತೂಲು ಕಂಡಿತೆಂಬ ಒಂದೇ ಕಾರಣಕ್ಕೆ ಪೊಲೀಸರು ಯಾರನ್ನೂ ನಿಲ್ಲಿಸಿ ಲೈಸೆನ್ಸ್ ಕೇಳಬಾರದೆಂಬ ಅಂಶವೂ ಇತ್ತು. ಪೊಲೀಸ್ ಅಧಿಕಾರಿಗಳು ವಿರೋಧಿಸಿದರು, ಅದನ್ನು ಕಿತ್ತುಹಾಕಿ ಉಳಿದದ್ದನ್ನು ದಾಟಿಸಿದರು. ಹಟಮಾರಿಗಳು ದ್ರೋಹ ಎಂದು ಕೂಗಿದರು. ಅವರ ಮಾತು ಕೇಳಿದ್ದರೆ 1995ರಲ್ಲೂ ಬರಿಗೈಯೇ ಎಂಬುದು ನನ್ನ ಲೆಕ್ಕ. ಇಂಥ ಮಸೂದೆಗಳೆಲ್ಲ ನನಗೆ ಇಷ್ಟವೆಂದಲ್ಲ, ಕೆಲಸ ಮಾಡಿಸಿಕೊಂಡವರು ಯಾರೆಂದು ಹೇಳುತ್ತಿದ್ದೇನೆ.

ಇನ್ನು ಹಳೆಯ ಲೈಸೆನ್ಸು. ನಿಮ್ಮೂರಿನ ದಿನಸಿ ಅಂಗಡಿಯ ಗಾಜಿನ ಬಾಗಿಲನ್ನು ಒಮ್ಮೆ ನಿಂತು ಓದಿ. 30.06 (ರಾಜ್ಯದ ದಂಡಸಂಹಿತೆಯ ಕಲಮಿನ ಸಂಖ್ಯೆ) ಎಂಬ ಫಲಕ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ, ಒಂದೊಂದು ಅಕ್ಷರವೂ ಕನಿಷ್ಠ ಒಂದಿಂಚು: ಲೈಸೆನ್ಸ್ ಇದ್ದರೂ ಮುಚ್ಚಿಟ್ಟುಕೊಂಡು ಬರಬೇಡಿ. ಇದು 1997ರದು. ಪಕ್ಕದ 30.07, ಲೈಸೆನ್ಸ್ ಇದ್ದರೂ ಕಾಣುವಂತೆ ತೊಟ್ಟು ಬರಬೇಡಿ, 2015ರದು. ಲೈಸೆನ್ಸ್ ಇಲ್ಲದೆ ಪಿಸ್ತೂಲು ತರುವವರಿಗೆ 30.05ರ ಫಲಕ, 2021ರದು. ಮೂರನ್ನೂ ಅಂಟಿಸಿದ ಬಾಗಿಲಲ್ಲಿ ಒಳಗಿನ ಬೆಂಡೆಕಾಯಿ ಕಾಣುವುದಿಲ್ಲ. 30.05 ಒಂದೇ ಇದ್ದರೆ ಲೈಸೆನ್ಸುದಾರ ಒಳಗೆ ಹೋಗಬಹುದು, ನೀವು ಹೋಗುವಂತಿಲ್ಲ. ಐದಿಂಚಿನ ಕೆಂಪು 51 ಕಂಡರೆ ಅದು ಅರ್ಧಕ್ಕಿಂತ ಹೆಚ್ಚು ಆದಾಯ ಮದ್ಯದಿಂದ ಬರುವ ಜಾಗ, ಯಾರಿಗೂ ಪಿಸ್ತೂಲಿನೊಡನೆ ಪ್ರವೇಶವಿಲ್ಲ. ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಶಾಲೆಯಿಂದ 1,000 ಅಡಿಯೊಳಗಿನ ರಸ್ತೆಯಲ್ಲಿ ಗುಂಡು ತುಂಬಿದ ಪಿಸ್ತೂಲು ಒಯ್ಯುವುದು ಫೆಡರಲ್ ಅಪರಾಧ. ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು, 2021ರ ಕಾನೂನನ್ನು ನಂಬಿದವರಿಗೆ ಇಲ್ಲ. ಮಗುವನ್ನು ಶಾಲೆಗೆ ಬಿಟ್ಟುಬರುವ ದಾರಿಯನ್ನು ನೆನಪಿಸಿಕೊಳ್ಳಿ. ಬಂದೂಕಿನ ಅಂಗಡಿಯ ಗಲ್ಲಾದ ಹಿಂದೆ ನಿಂತವನು ಇದನ್ನು ಹೇಳಲಾರ, ಅವನು ಮಾರಲು ನಿಂತವನು. ನನ್ನ ಪಾಡು ಕೇಳುತ್ತೀರಾದರೆ, ಲೈಸೆನ್ಸ್ ಮಾಡಿಸಿದ್ದೇನೆ, ಪಿಸ್ತೂಲು ಕೊಂಡಿಲ್ಲ.

ಪ್ರಶ್ನೆ: ನಾವು ಕೊಡವರು. ಬಂದೂಕಿನ ಲೈಸೆನ್ಸಿನಿಂದ ನಮಗಿರುವ ವಿನಾಯಿತಿ ಇಲ್ಲಿ ನಡೆಯುತ್ತದೆಯೆ?

ಅದು ಭಾರತದ ಶಸ್ತ್ರಾಸ್ತ್ರ ಕಾಯ್ದೆಯದು. ಡಲ್ಲಾಸಿನ ಪೊಲೀಸರ ಮುಂದೆ ಜಮ್ಮಾ ಭೂಮಿಯ ಪತ್ರ ಹಿಡಿಯಬೇಡಿ.

ಪ್ರಶ್ನೆ: ಬೆಂಗಳೂರಿಗೆ ಹೊರಟಿದ್ದೇನೆ. ಗುರಿ ಅಭ್ಯಾಸಕ್ಕೆ ಒಯ್ಯುತ್ತಿದ್ದ ಚೀಲವನ್ನೇ ತರಬಹುದೆ?

ಬೇರೆ ಚೀಲ ಕೊಳ್ಳಿ. ಅಸ್ತರಿನ ಸಂದಿಯಲ್ಲಿ ಉಳಿದ ಒಂದೇ ಒಂದು ಗುಂಡು ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ ಪ್ರಕರಣ ದಾಖಲಾಗುತ್ತದೆ, ನಿಮ್ಮ ರಜೆಯೆಲ್ಲ ಹೈಕೋರ್ಟಿನ ಮೊಗಸಾಲೆಯಲ್ಲಿ ಕಳೆಯುತ್ತದೆ.