ತೆರಿಯಾಕಿಯಲ್ಲಿ ತೊಡಕು ಮಾಂಸದ್ದಲ್ಲ, ಮಿರಿನ್‌ನದು

ಟೋಕಿಯೊದ ನಿಮ್ಮ ಮನೆಯೂಟದಲ್ಲಿ ಹಲಾಲ್ ಕೋಳಿಯನ್ನೇ ತಂದು ತೆರಿಯಾಕಿ (ಸಿಹಿ ಸೋಯಾ ಸಾಸ್ ಸವರಿ ಬೇಯಿಸುವ ಜಪಾನಿ ಅಡುಗೆ) ಮಾಡಿದರೂ ಮುಸ್ಲಿಂ ಸಹೋದ್ಯೋಗಿ ಬರೀ ಅನ್ನ ತಿಂದು ಎದ್ದುದಕ್ಕೆ ಕಾರಣ ಬಹುಶಃ ಮಾಂಸವಲ್ಲ, ಅದಕ್ಕೆ ಹೊಳಪು ಕೊಟ್ಟ ಮಿರಿನ್ ಎಂಬ ಅಡುಗೆಯ ಸಿಹಿ ಅಕ್ಕಿಮದ್ಯ. ನಿಜವಾದ ಮಿರಿನ್‌ನಲ್ಲಿ ಸುಮಾರು ಶೇಕಡಾ 14ರಷ್ಟು ಮದ್ಯಸಾರವಿರುತ್ತದೆ. ಕುದಿಸಿದರೆ ಹೋಗುತ್ತದೆಂಬ ಸಮಾಧಾನವನ್ನು ಅನೇಕರು ಒಪ್ಪುವುದಿಲ್ಲ.

ಮೊದಲು ಸೋಯಾ ಸಾಸ್ ಮತ್ತು ಮಿಸೋ ಎಂಬ ಹುದುಗಿಸಿದ ಸೋಯಾ ಮುದ್ದೆಯ ಚೀಟಿಯನ್ನು ಓದಿ. ಅದರಲ್ಲಿ ‘ಶುಸೇ’ ಎಂದಿದ್ದರೆ ಮದ್ಯಸಾರವನ್ನು ಪ್ರತ್ಯೇಕವಾಗಿ ಸೇರಿಸಲಾಗಿದೆ ಎಂದರ್ಥ. ಹುದುಗುವಾಗ ತಾನಾಗಿ ಹುಟ್ಟುವ ಅಲ್ಪಾಂಶದ ಬಗ್ಗೆ ಮುಸ್ಲಿಮರಲ್ಲೇ ಭಿನ್ನಾಭಿಪ್ರಾಯವಿರುವುದರಿಂದ ಅದನ್ನು ನಾನು ತೀರ್ಮಾನಿಸಲಾರೆ. ಅತಿಥಿಯನ್ನೇ ಮುಂಚಿತವಾಗಿ ಕೇಳಿ. ಪ್ರಮಾಣೀಕೃತ ಸಾಸ್‌ಗಾಗಿ ಟೋಕಿಯೊದ ಶಿನ್-ಓಕುಬೊ ಬಡಾವಣೆಯ ಹಲಾಲ್ ಅಂಗಡಿಗಳಲ್ಲಿ ಅಥವಾ ಟೋಕಿಯೊ ಜಾಮಿ ಮಸೀದಿಯ ಅಂಗಡಿಯಲ್ಲಿ ವಿಚಾರಿಸಬಹುದು.

ಬಳಿಕ ಒಂದು ದೊಡ್ಡ ಚಮಚ ಮಿರಿನ್‌ಗೆ ಬದಲಾಗಿ ಅಷ್ಟೇ ನೀರಿಗೆ ಒಂದು ಸಣ್ಣ ಚಮಚ ಸಕ್ಕರೆ ಕದಡಿ, ಸಾಸ್‌ನೊಂದಿಗೆ ಸಣ್ಣ ಉರಿಯಲ್ಲಿ ಗುಳ್ಳೆಗಳು ದಪ್ಪಗಾಗಿ ಚಮಚದ ಬೆನ್ನಿಗೆ ಅಂಟುವವರೆಗೆ ಕುದಿಸಿ. ಸಾರು ಮಾಡಲು ಕೊಂಬು ಎಂಬ ಒಣ ಕಡಲಕಳೆ ಮತ್ತು ಒಣ ಶಿಯಿಟಾಕೆ ಅಣಬೆಯನ್ನು ರಾತ್ರಿಯೇ ನೆನೆಸಿಡಿ.

ಎಲ್ಲರಿಗೂ ಇದೇ ಒಂದು ಪಾತ್ರೆಯಿಂದ ಬಡಿಸಿ. ಬೇರೆ ತಟ್ಟೆ ಇಟ್ಟರೆ ಅತಿಥಿ ಪಥ್ಯದವರಂತೆ ಕುಳಿತಿರಬೇಕಾಗುತ್ತದೆ. ಬಾಣಲೆಯಲ್ಲಿ ಹಿಂದೆ ಹಂದಿಮಾಂಸ ಹುರಿದಿದ್ದರೆ ಹೊಸದನ್ನು ಬಳಸಿ, ಅತಿಥಿ ಚೀಟಿ ಓದಿಕೊಳ್ಳುವಂತೆ ಸಾಸ್ ಬಾಟಲಿಗಳನ್ನು ಮೇಜಿನ ಮೇಲೆಯೇ ಇಡಿ.