ಬನ್ನಿ, ಕೂತ್ಕೊಳ್ಳಿ, ತಿರುಗಿ: ವಾರ್ಡಿಗೆ ಬೇಕಾದ ಇಂಗ್ಲಿಷ್

ತಂಗಿ, ನಿನ್ನ ಪ್ರಶ್ನೆ ಓದಿದೆ. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ, ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ ಓಇಟಿ ಪಾಸಾಗಿ, ಮುಂದಿನ ತಿಂಗಳು ಇಂಗ್ಲೆಂಡಿಗೆ ಹೊರಟಿದ್ದೀಯ. ಪೇಷಂಟ್‌ಗಳಿಗೆ ‘ಬನ್ನಿ, ಕೂತ್ಕೊಳ್ಳಿ, ಆ ಕಡೆ ತಿರುಗಿ’ ಅಂತ ಹೇಳುವಾಗ ಒರಟಾಗಿ ಕೇಳಿಸಿದರೆ ಏನು ಗತಿ ಅಂತ ನಿನ್ನ ಹೆದರಿಕೆ. ಆ ಹೆದರಿಕೆ ಸರಿಯಾದದ್ದೇ. ನಾನು 11 ವರ್ಷದಿಂದ ಅಲ್ಲಿನ ವಾರ್ಡ್‌ನಲ್ಲಿದ್ದೇನೆ. ಹೊಸದಾಗಿ ಬರುವ ನಮ್ಮೂರ ಹುಡುಗಿಯರಿಗೆ ಮೊದಲು ಹೇಳಿಕೊಡುವುದು ಇದನ್ನೇ.

ನಮ್ಮಲ್ಲಿ ಮರ್ಯಾದೆ ಮಾತಿನ ಬಾಲದಲ್ಲೇ ಇರುತ್ತದೆ. ‘ಬಾ’ ಬೇರೆ, ‘ಬನ್ನಿ’ ಬೇರೆ. ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರ್ ತುಳುವಿನಲ್ಲಿ ದಿನಕ್ಕೆ ನೂರು ಸಲ ‘ಪಿರ ಪೋಲೆ’ (ಹಿಂದೆ ಹೋಗಿ) ಅಂದರೂ ಯಾರಿಗೂ ಬೇಸರ ಇಲ್ಲ, ಕೊನೆಗೆ ಆ ‘ಲೆ’ ಇದೆಯಲ್ಲ. ಇಂಗ್ಲಿಷಿನ ‘ಕಮ್’ಗೆ, ‘ಗೋ’ಗೆ ಅಂಥ ಬಾಲ ಇಲ್ಲ. ಅಲ್ಲಿ ಮರ್ಯಾದೆ ಅಕ್ಕಪಕ್ಕದ ಸಣ್ಣ ಪದಗಳಲ್ಲಿದೆ. ಪ್ಲೀಸ್ ಒಂದೇ ಸಾಲದು. ‘ಸಿಟ್ ಡೌನ್ ಪ್ಲೀಸ್’ ಅಂದರೆ ಟೀಚರ್ ಮಕ್ಕಳಿಗೆ ಹೇಳಿದ ಹಾಗೆಯೇ ಕೇಳಿಸುತ್ತದೆ.

‘ಕಮ್ ಇನ್’ ಬಾಗಿಲು ತಟ್ಟಿದವರಿಗೆ. ‘ಕಮ್ ಆನ್ ಇನ್’ ಅಂದರೆ ನನ್ನ ಅಮ್ಮ ಉಡುಪಿ ಮನೆಯ ಜಗಲಿಯಲ್ಲಿ ನಿಂತು ‘ಬನ್ನಿ ಬನ್ನಿ, ಒಳಗೆ ಬನ್ನಿ’ ಅನ್ನುವ ಹಾಗೆ. ಕೊನೆಯ ‘ಇನ್’ ಬಿಟ್ಟು ಬರೀ ‘ಕಮ್ ಆನ್’ ಅಂದೆಯೋ, ಅವಸರ ಮಾಡಿದ ಹಾಗಾಗುತ್ತದೆ. ಹೊರಗೆ ಕಾಯುತ್ತಾ ಕೂತವರನ್ನು ಒಳಗಿನ ಕೋಣೆಗೆ ಕರೆಯಲು ‘ಕಮ್ ಥ್ರೂ’. ಇದನ್ನು ನಾನು ಯಾವ ಪುಸ್ತಕದಲ್ಲೂ ಕಲಿತಿರಲಿಲ್ಲ.

‘ವುಡ್ ಯು ಲೈಕ್ ಟು ಟೇಕ್ ಎ ಸೀಟ್’ ಅಂತ ಕೇಳಿದರೆ ಅದು ಪ್ರಶ್ನೆ ಅಲ್ಲ. ‘ಕೂತ್ಕೊಳ್ಳಿ’ ಅಂತಲೇ ಅರ್ಥ. ‘ಇಲ್ಲ, ಪರವಾಗಿಲ್ಲ’ ಅಂತ ನಿಂತೇ ಇರಬೇಡ.

ವಾರ್ಡ್‌ನಲ್ಲಿ ಜಾಸ್ತಿ ಕೇಳುವುದು ‘ಪಾಪ್’ ಮತ್ತು ‘ಫಾರ್ ಮಿ’. ‘ಪಾಪ್ ಅಪ್ ಆನ್ ದ ಬೆಡ್ ಫಾರ್ ಮಿ.’ ನಾವು ‘ಒಮ್ಮೆ ಹಾಸಿಗೆ ಮೇಲೆ ಕೂತ್ಕೊಳ್ಳಿ’ ಅನ್ನುತ್ತೇವಲ್ಲ, ಆ ‘ಒಮ್ಮೆ’ ಮಾಡುವ ಕೆಲಸವನ್ನೇ ‘ಪಾಪ್’ ಮಾಡುತ್ತದೆ. ಆದರೆ ಮೈ ಅಲುಗಿಸಿದರೆ ನೋಯುವವರ ಹತ್ತಿರ ಸಣ್ಣ ಪದ ತಪ್ಪಬಾರದು. ಮಲಗಿದವರು ಎದ್ದು ಕೂರಲು ‘ಸಿಟ್ ಅಪ್’. ಕೂತವರು ಹಿಂದೆ ಒರಗಲು ‘ಸಿಟ್ ಬ್ಯಾಕ್’. ನಮಗೆ ‘ತಿರುಗಿ’ ಒಂದೇ ಸಾಕು. ಅಲ್ಲಿ ಮಲಗಿದವರಿಗೆ ‘ಟರ್ನ್ ಓವರ್’, ನಿಂತವರಿಗೆ ‘ಟರ್ನ್ ರೌಂಡ್’.

ಹಿಂದಿನಿಂದ ಯಾರಾದರೂ ‘ಮೈಂಡ್ ಯುವರ್ ಬ್ಯಾಕ್ಸ್’ ಅಂದರೆ ತಕ್ಷಣ ಗೋಡೆಗೆ ಸರಿ. ಟ್ರಾಲಿ ಬರುತ್ತಿದೆ. ದಕ್ಕೆಯಲ್ಲಿ, ಅಂದರೆ ಮೀನಿನ ದೋಣಿ ಬಂದು ನಿಲ್ಲುವಲ್ಲಿ, ಬುಟ್ಟಿ ಹೊತ್ತವರು ‘ಸೈಡ್, ಸೈಡ್’ ಅನ್ನುವುದಿಲ್ವಾ, ಹಾಗೆ. ನೀನು ಮಾತ್ರ ಬರೀ ‘ಮೂವ್’ ಅಂತ ಯಾರಿಗೂ ಹೇಳಬೇಡ.

ಇನ್ನೊಂದು ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ನಾವು ಹೊರಡುವಾಗ ‘ಹೋಗ್ತೇನೆ’ ಅನ್ನುವುದಿಲ್ಲ, ‘ಬರ್ತೇನೆ’ ಅನ್ನುತ್ತೇವೆ. ಹೋದ ಹೊಸತರಲ್ಲಿ ಒಂದು ಸಂಜೆ ಡ್ಯೂಟಿ ಮುಗಿಸಿ, ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿಗೆ ಅದೇ ಅಭ್ಯಾಸದಲ್ಲಿ ‘ಐ ವಿಲ್ ಕಮ್’ ಅಂದು ಮನೆಗೆ ಬಂದೆ. ಬೆಳಿಗ್ಗೆ ನೈಟ್ ಡ್ಯೂಟಿಯವಳು ಹೇಳಿದಳು, ಅಜ್ಜಿ 11 ಗಂಟೆಯವರೆಗೆ ಕನ್ನಡಕ ತೆಗೆಯಲೇ ಇಲ್ಲವಂತೆ. ‘ಆ ಹುಡುಗಿ ಬರುತ್ತೇನೆ ಅಂದಿದ್ದಾಳೆ’ ಅಂತ ಬಾಗಿಲನ್ನೇ ನೋಡುತ್ತಿದ್ದರಂತೆ. ನನಗೆ ಕಣ್ಣು ತುಂಬಿ ಬಂತು. ಅಂದಿನಿಂದ ‘ಐ ಆಮ್ ಆಫ್ ಹೋಮ್ ನೌ, ಸೀ ಯು ಟುಮಾರೊ’ ಅನ್ನುತ್ತೇನೆ. ಮರುದಿನ ರಜೆ ಇದ್ದರೆ ಯಾವ ದಿನ ಬರುತ್ತೇನೆ ಅಂತಲೂ ಹೇಳುತ್ತೇನೆ.

ಈ ತಿಂಗಳ 20ರವರೆಗೆ ಉಡುಪಿಯಲ್ಲೇ ಇದ್ದೇನೆ. ಒಂದು ಮಧ್ಯಾಹ್ನ ಬಂದುಬಿಡು. ಅಮ್ಮನನ್ನೇ ಪೇಷಂಟ್ ಮಾಡಿ ಮಂಚದ ಮೇಲೆ ಕೂರಿಸಿ ಅಭ್ಯಾಸ ಮಾಡೋಣ.